ಅತ್ತೆಗೆ ಸೇಬಿನ ಗೊಜ್ಜು

ತಲ್ಗಾರ್
ಅಕ್ಟೋಬರ್ 11, 2006

ಪ್ರೀತಿಯ ಕಮ್ಶಾತ್ ಅಕ್ಕನಿಗೆ,

ನಿನ್ನ ತಂಗಿ ರೌಶನ್ ಮಾಡುವ ಸಲಾಮು. ಅಪ್ಪ, ಭಾವ, ಹೊಸ ಮೊಮ್ಮಗ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಕರಗಂಡದಲ್ಲಿ ಆಗಲೇ ಚಳಿಗಾಳಿ ಶುರುವಾಗಿರಬೇಕು. ನಿನ್ನ ಕಾಗದ ಬೇಸಿಗೆಯಲ್ಲೇ ಬಂದಿತ್ತು. ಉತ್ತರ ಬರೆಯಲು ಇಷ್ಟು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಸೇಬು ಕೊಯ್ಯುವ ಕಾಲ, ಆಮೇಲೆ ಎರ್ಮೆಕ್‌ನ ವರ್ಷದ ಊಟ, ಆಮೇಲೆ ಇನ್ನೂ ಏನೇನೋ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನು ಇರುವುದು ಅತ್ತೆಯ ಮಂಚದ ತಲೆದೆಸೆಯಲ್ಲಿ. ಅಲ್ಲಿ ನಿಂತು ಚೆನ್ನಾಗಿದ್ದೇವೆ, ಚೆನ್ನಾಗಿದ್ದೇವೆ ಅನ್ನುವುದು ಬಿಟ್ಟು ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಮೊದಲು ನೀನು ಕೇಳಿದ್ದನ್ನು ಹೇಳಿಬಿಡುತ್ತೇನೆ. ಮೊಮ್ಮಗನಿಗೆ ಸೇಬಿನ ಗೊಜ್ಜು ಬೇಗ ಮಾಡುವುದು ಹೇಗೆ ಅಂತ ಬರೆದಿದ್ದೆಯಲ್ಲ. ಸಿಪ್ಪೆ ಸುಲಿಯುತ್ತಾ ಕೂರಬೇಡ, ಹೊತ್ತು ಹೋಗುವುದೇ ಅಲ್ಲಿ. ಬಜಾರಿನಲ್ಲಿ ಸೇಬು ಕತ್ತರಿಸುವ ಚಕ್ರ ಅಂತ ಸಿಗುತ್ತದೆ. ಬಂಡಿ ಚಕ್ರದ ಹಾಗೇ ಇದೆ, ಕಡ್ಡಿಗಳ ಜಾಗದಲ್ಲಿ ಬ್ಲೇಡು. ಹಣ್ಣಿನ ತಲೆಯ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿದರೆ ಹೋಳುಗಳು ಬಿಚ್ಚಿಕೊಂಡು, ಬೀಜದ ಗಟ್ಟಿ ತಾನಾಗಿ ನಡುವೆ ಉಳಿಯುತ್ತದೆ. ಹೋಳುಗಳನ್ನು ಸಿಪ್ಪೆ ಸಮೇತ ಕುಕ್ಕರಿಗೆ ಹಾಕು. ನೀರು ತಳ ಒದ್ದೆಯಾಗುವಷ್ಟು ಸಾಕು, ಹಣ್ಣೇ ನೀರು ಬಿಡುತ್ತದೆ. ಹಬೆ ಬುಸುಗುಟ್ಟಲು ಶುರುವಾದ ಮೇಲೆ ಉರಿ ಸಣ್ಣ ಮಾಡಿ, ಚಹಾದ ಬಟ್ಟಲು ತೊಳೆದಿಡುವಷ್ಟು ಹೊತ್ತು ಬಿಟ್ಟು ಇಳಿಸು. ಅವಸರಪಟ್ಟು ಮುಚ್ಚಳ ತೆಗೆಯಬೇಡ. ನಾನು ಒಮ್ಮೆ ತೆಗೆದಿದ್ದೆ, ನಮ್ಮ ಅಡುಗೆಮನೆಯ ಸೂರಿನಲ್ಲಿ ಆ ಕಲೆ ಇನ್ನೂ ಇದೆ. ಹಬೆ ಇಳಿದ ಮೇಲೆ, ಹಿಡಿಕೆ ತಿರುಗಿಸುವ ಜರಡಿ ಇದ್ದರೆ ಅದಕ್ಕೆ ಸುರಿದು ತಿರುಗಿಸು. ಸಿಪ್ಪೆ ಮೇಲೆ ಉಳಿದು ಗೊಜ್ಜು ಕೆಳಗೆ ನುಣ್ಣಗೆ ಇಳಿಯುತ್ತದೆ. ಸಿಪ್ಪೆಯೊಂದಿಗೆ ಬೇಯಿಸಿದ್ದರಿಂದ ತೆಳು ಗುಲಾಬಿ ಬಣ್ಣ ಬಂದಿರುತ್ತದೆ. ಜರಡಿ ಇಲ್ಲದಿದ್ದರೆ ತೂತಿನ ತಟ್ಟೆಯ ಮೇಲೆ ಹಾಕಿ ಸೌಟಿನ ಬೆನ್ನಿನಿಂದ ಉಜ್ಜು. ವಿದ್ಯುತ್ತಿನ ಯಂತ್ರ ಬೇಡ, ಸಿಪ್ಪೆಯ ಚೂರು ಮಗುವಿನ ಗಂಟಲಿಗೆ ಸಿಗುತ್ತದೆ. ಎಳೆಮಗುವಲ್ಲವೇ, ಸಕ್ಕರೆ, ಜೇನು ಎರಡೂ ಹಾಕಬೇಡ. ಮಾಗಿದ ಅಪೋರ್ತ್ ಸೇಬು ಸಿಕ್ಕರೆ ಅದರ ಸಿಹಿಯೇ ಸಾಕು.

ಇಷ್ಟೇ ಅಕ್ಕ. ಇಷ್ಟು ಬೇಗ ಆಗುತ್ತದೆ ಎಂಬುದೇ ನನಗೆ ಮುಳುವಾಯಿತು.

ಎರ್ಮೆಕ್‌ನ ಲಾರಿ ಕಪ್ಚಗಾಯ್ ದಾರಿಯಲ್ಲಿ ಮಗುಚಿ ನಾನು ಗಂಡನನ್ನು ಕಳೆದುಕೊಂಡದ್ದು ಹೋದ ವರ್ಷದ ಶರತ್ಕಾಲದಲ್ಲಿ. ಆ ಚಳಿಗಾಲದಲ್ಲೇ ಅತ್ತೆ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ದವಡೆ ಮುರಿದುಕೊಂಡರು, ಇದು ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ತಂತಿ ಬಿಗಿದು ಕಳಿಸಿದರು. ಆಗ ಗೊಜ್ಜು ಮಾಡಲು ನನಗೆ ಅರ್ಧ ಹಗಲು ಬೇಕಾಗುತ್ತಿತ್ತು. ತುರಿಯುವುದು, ಬೇಯಿಸುವುದು, ಬಟ್ಟೆಯಲ್ಲಿ ಸೋಸುವುದು. ನಾದಿನಿ ಶೋಲ್ಪಾನ್ ನೋಡಿ ಅಯ್ಯೋ ಅನ್ನಿಸಿ ಅಲ್ಮಾಟಿಯಿಂದ ಕುಕ್ಕರು, ಚಕ್ರ ತಂದುಕೊಟ್ಟಳು. ಜರಡಿ ಪಕ್ಕದ ಮನೆಯ ಮಿನ್ನಾ ಅಜ್ಜಿಯದು, ಅವರು ಜರ್ಮನಿಗೆ ಹೊರಟಾಗ ಕೊಟ್ಟುಹೋಗಿದ್ದು. ಸಾಮಾನು ಬಂದ ಮೇಲೆ ನನಗೆ ಬಿಡುವು ಸಿಗುತ್ತದೆ, ಪಟ್ಟಣದ ಹೊಲಿಗೆ ಅಂಗಡಿಗೆ ಮತ್ತೆ ಹೋಗಬಹುದು ಅಂತ ಅಂದುಕೊಂಡಿದ್ದೆ. ಆಗಿದ್ದೇ ಬೇರೆ. ದಿನಕ್ಕೊಮ್ಮೆ ಮಾಡಿಡುತ್ತಿದ್ದುದನ್ನು ಅತ್ತೆ ಹೊತ್ತುಹೊತ್ತಿಗೆ ಬಿಸಿಬಿಸಿಯಾಗಿ ಕೇಳತೊಡಗಿದರು. ಬೇಗ ಆಗುತ್ತದಲ್ಲ. ಶೋಲ್ಪಾನ್‌ನ ಮಕ್ಕಳಿಗೂ ಬೇಕಾಯಿತು. ಬೀದಿಯಲ್ಲಿ ಹಲ್ಲಿಲ್ಲದವರೆಲ್ಲ ಬಟ್ಟಲು ಕಳಿಸತೊಡಗಿದರು. ರೌಶನ್‌ಗೆ ಅದೊಂದು ಕೆಲಸವೇ ಅಲ್ಲ, ಚಿಟಿಕೆ ಹೊಡೆಯುವುದರಲ್ಲಿ ಮಾಡಿಬಿಡುತ್ತಾಳೆ ಅಂತ ಹೊಗಳಿಕೆ ಬೇರೆ.

ನಮ್ಮ ಅಡುಗೆಮನೆಯ ಕಿಟಕಿ ರಸ್ತೆಯ ಕಡೆಗಿದೆ. ಅಲ್ಮಾಟಿಯ ಬಸ್ಸು ಅಲ್ಲೇ ನಿಲ್ಲುತ್ತದೆ. ಕುಕ್ಕರಿನ ಹಬೆ ಗಾಜಿನ ಮೇಲೆ ಕೂತು ಬಸ್ಸು ಕಾಣುವುದಿಲ್ಲ, ಬಾಗಿಲು ತೆಗೆದು ಹಾಕುವ ಸದ್ದು ಮಾತ್ರ ಕೇಳುತ್ತದೆ. ಬಜಾರಿಗೆ ಹೋದರೂ ಓಡಿಕೊಂಡು ವಾಪಸ್ ಬರಬೇಕು. ಒಂದು ಸಲ ಹೊಲಿಗೆ ಅಂಗಡಿಯವಳ ಜೊತೆ ಮಾತಾಡುತ್ತಾ ತಡವಾಯಿತು. ಬಂದು ನೋಡಿದರೆ ಅತ್ತೆ ಖಾಲಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಸಂತದಲ್ಲಿ ತಂತಿ ಬಿಚ್ಚಿದರು. ಮೂಳೆ ಕೂಡಿದೆ, ಇನ್ನು ಮೆಲ್ಲಗೆ ಎಲ್ಲವನ್ನೂ ತಿನ್ನಿಸಿ ಅಂದರು ಡಾಕ್ಟರು. ಅನ್ನ ಕೊಟ್ಟೆ, ಮುಖ ಕಿವುಚಿ ಉಗಿದರು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿಕೊಟ್ಟೆ, ದವಡೆ ಹಿಡಿದುಕೊಂಡು ಕಣ್ಣೀರು ಹಾಕಿದರು. ಮತ್ತೆ ಗೊಜ್ಜು. ಅದೂ ನನ್ನ ಕೈಯಿಂದಲೇ. ವರ್ಷದ ಊಟ ಕಳೆದ ಮೇಲೆ ಮಗಳು ಇಂಕಾರ್‌ಳನ್ನು ಕರೆದುಕೊಂಡು ನಿನ್ನಲ್ಲಿಗೆ ಬರುತ್ತೇನೆ ಅಂತ ನಾನು ಬರೆದಿದ್ದೆನಲ್ಲ, ಆ ಆಸೆಯಿಂದ ಶೋಲ್ಪಾನ್‌ಗೆ ಎಲ್ಲ ಕಲಿಸಿದೆ. ಅದೇ ಹಣ್ಣು, ಅದೇ ಕುಕ್ಕರು, ಅದೇ ಬಟ್ಟಲು. ಅವಳು ಚಮಚ ಬಾಯಿಯ ಹತ್ತಿರ ಹಿಡಿದರೆ ಅತ್ತೆ ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿದರು. ಶೋಲ್ಪಾನ್ ಚಮಚ ಕೆಳಗಿಟ್ಟು, ಹೆತ್ತ ಮಗಳು ಬೇಡವಾದೆ ನೋಡು ಅಂತ ನಕ್ಕಳು. ನಗುವಿನಲ್ಲಿ ನೋವಿತ್ತು.

ವರ್ಷದ ಊಟ ಹೋದ ತಿಂಗಳು ಆಯಿತು. ಕುದುರೆ ಕಡಿದರು. ಅಂಗಳದ ತುಂಬ ಜನ. ನಾನು ಬೆಳಗಿನಿಂದ ಸಮೋವರಿನ ಪಕ್ಕದಿಂದ ಏಳಲಿಲ್ಲ, ಬಟ್ಟಲು ಬಂದ ಹಾಗೆ ಚಹಾ ಬಗ್ಗಿಸುತ್ತಲೇ ಇದ್ದೆ. ಊಟವಾದ ಮೇಲೆ ಎರ್ಮೆಕ್‌ನ ದೊಡ್ಡಪ್ಪ ಝಾಕೆನ್ ಹಿರಿಯರ ನಡುವೆ ನನ್ನ ವಿಷಯ ತೆಗೆದರು. ಶೋಕ ಮುಗಿಯಿತು, ಸೊಸೆ ಇನ್ನೂ ಚಿಕ್ಕವಳು, ಅವಳ ದಾರಿ ಅವಳು ನೋಡಿಕೊಳ್ಳಬಹುದು ಅಂದರು. ಎದೆ ಹಗುರವಾಯಿತು. ಆಮೇಲೆ ನನ್ನ ಕಡೆಗೇ ತಿರುಗಿದರು.

"ಹೋಗೋದಾದ್ರೆ ಹೋಗಮ್ಮ, ನಾವು ಹಿಡ್ಕೊಳ್ಳಲ್ಲ. ಆದ್ರೆ ಮಗು ಎರ್ಮೆಕ್‌ದು. ಮಗು ಇಲ್ಲೇ ಇರತ್ತೆ."

ಯಾರೋ ಹೆಂಗಸರು, ಅತ್ತೆ ಬದುಕಿರುವುದೇ ಅವಳ ಕೈತುತ್ತಿನಿಂದ, ಅವಳೆಲ್ಲಿ ಹೋಗುತ್ತಾಳೆ ಅಂದರು. ಎಲ್ಲರೂ ಹೌದು ಹೌದು ಅಂದರು. ನಾನು ಮತ್ತೆ ಬಟ್ಟಲಿಗೆ ಚಹಾ ಬಗ್ಗಿಸಿದೆ.

ಸಂಜೆಗೆ ಮುಂಚೆ ನೆಂಟರನ್ನು ಕಳಿಸಲು ಎಲ್ಲರೂ ರಸ್ತೆಯ ತನಕ ಹೋದೆವು. ಗಾಳಿ ಬೀಸುತ್ತಿತ್ತು, ಇಂಕಾರ್‌ಗೆ ಶಾಲು ತರಲೆಂದು ನಾನೊಬ್ಬಳೇ ಮನೆಗೆ ಬಂದೆ. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ಹಿಟ್ಟಿನ ಡಬ್ಬದ ಮೇಲೆ ಕೂತು ಕಝಿ ತಿನ್ನುತ್ತಿದ್ದರು. ಕರುಳಿನೊಳಗೆ ತುಂಬಿ ಒಣಗಿಸಿ ಬೇಯಿಸಿದ ಆ ಕುದುರೆ ಮಾಂಸ ತಣ್ಣಗಾದರೆ ಎಷ್ಟು ಗಡುಸು ಅಂತ ನಿನಗೆ ಗೊತ್ತು. ದಪ್ಪ ತುಂಡು ಕೈಯಲ್ಲಿ ಹಿಡಿದು, ಹಲ್ಲಿನಿಂದ ಎಳೆದು, ಎರಡೂ ಕಡೆ ಚೆನ್ನಾಗಿ ಅಗಿಯುತ್ತಿದ್ದರು.

ನನ್ನನ್ನು ಕಂಡು ಅಗಿಯುವುದು ನಿಂತಿತು. ಆಮೇಲೆ ಅವರು ಬಾಯಲ್ಲಿದ್ದುದನ್ನು ನುಂಗಿದರು.

"ಯಾವಾಗಿಂದ ಅತ್ತೆ?" ಅಂದೆ.

"ತಂತಿ ಬಿಚ್ಚಿದಾಗಿಂದ."

"ನಾನು ದಿನಾ ಮೂರು ಹೊತ್ತು ಒಲೆ ಮುಂದೆ ನಿಂತಿದ್ದೆ."

"ನೋಡ್ತಿದ್ನಲ್ಲ."

ಅಳು ಬರಲಿಲ್ಲ ಅಕ್ಕ. ಹೊಸ್ತಿಲ ಮೇಲೆ ಕೂತುಬಿಟ್ಟೆ. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದೆ. ಅವರು ತುಂಡನ್ನು ಪಕ್ಕಕ್ಕಿಟ್ಟು ಕೈಯನ್ನು ಲಂಗಕ್ಕೆ ಒರೆಸಿಕೊಂಡರು. ಬಟ್ಟೆಗೆ ಎಂದೂ ಜಿಡ್ಡು ತಾಗಿಸಿಕೊಳ್ಳದ ಹೆಂಗಸು.

"ನಿನ್ನ ಮೇಲಿನ ಪ್ರೀತಿಗೆ ಅಂತ ತಿಳ್ಕೋಬೇಡ. ಮಗು ನಡೆಯೋವಾಗ ಎರ್ಮೆಕ್ ನಡೆದ ಹಾಗೇ ಎಡಗಾಲು ಒಳಕ್ಕೆ ಹಾಕ್ತಾಳೆ. ಅದು ಕಣ್ಮುಂದೆ ಇರ್ಲಿ ಅಂದ್ಕೊಂಡೆ. ನನಗೆ ಬೇಕು ಅಂದ್ರೆ ನೀನು ಹೋಗಲ್ಲ ಅಂತ ಗೊತ್ತಿತ್ತು. ನೀನು ಹೋಗದಿದ್ರೆ ಅವಳೂ ಹೋಗಲ್ಲ."

ಮರುದಿನ ಬೆಳಿಗ್ಗೆ ನಾನು ಕುಕ್ಕರು ಇಡಲಿಲ್ಲ. ಹಿಂದಿನ ದಿನದ ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೌರ್ಸಾಕು, ಹಾಲು ಹಾಕಿದ ಚಹಾ ಎಲ್ಲವನ್ನೂ ಅತ್ತೆಯ ಮುಂದೆ ತಂದಿಟ್ಟೆ. ಶೋಲ್ಪಾನ್ ಇದ್ದಳು, ಝಾಕೆನ್ ದೊಡ್ಡಪ್ಪ ಇದ್ದರು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಬೌರ್ಸಾಕು ಕೈಗೆತ್ತಿಕೊಂಡು ಕಚ್ಚಿದರು. ಶೋಲ್ಪಾನ್ ಅಮ್ಮನ ಕುತ್ತಿಗೆಗೆ ಬಿದ್ದು ಅತ್ತಳು. ದೊಡ್ಡಪ್ಪ ಎರಡೂ ಅಂಗೈ ಮುಖಕ್ಕೆ ಸವರಿಕೊಂಡು ದೇವರನ್ನು ನೆನೆದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ವಯಸ್ಸಿನಲ್ಲಿ ಅವರಿಗೆ ಬೀದಿಯಲ್ಲಿ ತಲೆಯೆತ್ತುವುದು ಕಷ್ಟವಾಗುತ್ತಿತ್ತು, ನನಗೂ ಅದರಿಂದ ಸಿಗುವುದು ಏನೂ ಇರಲಿಲ್ಲ.

ಆವತ್ತು ಮಧ್ಯಾಹ್ನ, ಎಲ್ಲರೂ ಹೋದ ಮೇಲೆ, ಅತ್ತೆಯೇ ನನ್ನನ್ನು ಕರೆದು ಕೂರಿಸಿಕೊಂಡರು. ಝಾಕೆನ್ ಹೇಳಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ, ಈ ಮನೆಯಲ್ಲಿ ನನ್ನ ಮಾತು ನಡೆಯುತ್ತದೆ, ಹೋಗಲೇಬೇಕು ಅಂತಿದ್ದರೆ ಮಗುವನ್ನೂ ಕರೆದುಕೊಂಡು ಹೋಗು ಅಂದರು. ನಾನು ಎದ್ದು ಗಂಟು ಕಟ್ಟಬೇಕಿತ್ತು. ಒಂದು ವರ್ಷದಿಂದ ಕಾಯುತ್ತಿದ್ದ ಮಾತು ಅದು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೊಂದು ವಿಷಯ ಹೇಳಿದರು. ಅದನ್ನು ಕೇಳಿದ ಮೇಲೆ ನಾನು ಎದ್ದು ಹೋಗಿ ಕುಕ್ಕರು ತೊಳೆದೆ, ತೊಳೆದಿದ್ದನ್ನೇ ಮತ್ತೆ ತೊಳೆದೆ.

ಹಾಗಾಗಿ ಅಕ್ಕ, ನಾನು ಬರುವುದಿಲ್ಲ. ನಮಗಾಗಿ ಕೋಣೆ ಖಾಲಿ ಮಾಡುವ ತಾಪತ್ರಯ ನಿನಗೆ ಬೇಡ. ಅತ್ತೆ ಈಗ ಎಲ್ಲವನ್ನೂ ತಿನ್ನುತ್ತಾರೆ. ಹೊಲಿಗೆ ಅಂಗಡಿಯವಳು ಬಟ್ಟೆ ಮನೆಗೇ ಕಳಿಸುತ್ತೇನೆ ಅಂದಿದ್ದಾಳೆ, ಹೊಲಿಗೆ ಯಂತ್ರವನ್ನು ಅಡುಗೆಮನೆಯ ಕಿಟಕಿಯ ಬಳಿ ಇಟ್ಟುಕೊಂಡಿದ್ದೇನೆ. ಹಬೆ ಇಲ್ಲದ್ದರಿಂದ ಈಗ ಬಸ್ಸು ಚೆನ್ನಾಗಿ ಕಾಣುತ್ತದೆ. ಹತ್ತುವವರನ್ನೂ ಇಳಿಯುವವರನ್ನೂ ನೋಡುತ್ತಾ ಹೊಲಿಯುತ್ತೇನೆ. ಇಂಕಾರ್ ಅಕ್ಷರ ಕಲಿಯುತ್ತಿದ್ದಾಳೆ, ಹೆಸರಿನ ಮೊದಲ ಅಕ್ಷರವನ್ನು ಗೋಡೆಯ ಮೇಲೆಲ್ಲ ಬರೆದಿದ್ದಾಳೆ. ಅತ್ತೆ ಒರೆಸಲು ಬಿಡುವುದಿಲ್ಲ.

ನಿನ್ನ ಮೊಮ್ಮಗ ನೂರು ಕಾಲ ಬಾಳಲಿ. ಹಲ್ಲು ನೋವಿಲ್ಲದೆ ಬರಲಿ, ನಿದ್ದೆ ಚೆನ್ನಾಗಿ ಹತ್ತಲಿ. ಭಾವನ ಮಂಡಿ ನೋವು ಕಡಿಮೆಯಾಗಲಿ. ನಿಮ್ಮೆಲ್ಲರ ಮನೆ ಬೆಚ್ಚಗಿರಲಿ. ಅಪ್ಪನ ಕಾಲಿಗೆರಗಿದ್ದೇನೆ ಅಂತ ಹೇಳು.

ನಿನ್ನ ತಂಗಿ,
ರೌಶನ್

ಮತ್ತೊಂದು ಮಾತು: ಅತ್ತೆ ಹೇಳಿದ್ದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಗಂಟಲಲ್ಲೇ ಇರುತ್ತದೆ. ತಂತಿ ಬಿಚ್ಚಿದ ವಾರ ಅವರು ನಮ್ಮನ್ನು ಕಳಿಸಿಕೊಡುವ ಮನಸ್ಸು ಮಾಡಿದ್ದರಂತೆ. ಅಷ್ಟರಲ್ಲಿ ಅಪ್ಪನ ಫೋನು ಬಂತಂತೆ. "ನಿಮ್ಮ ಕಾಲಿಗೆ ಬೀಳ್ತೀನಿ, ಅವಳನ್ನ ವಾಪಸ್ ಕಳಿಸ್ಬೇಡಿ, ಇಲ್ಲಿ ಅವಳಿಗೂ ಮಗುಗೂ ಜಾಗ ಇಲ್ಲ" ಅಂದರಂತೆ. ತವರಿಗೆ ಬೇಡವಾದವಳು ಅಂತ ನನಗೆ ತಿಳಿಯಬಾರದು, ಈ ಮನೆಗೆ ಬೇಕಾದವಳು ಅಂತ ನಂಬಿಕೊಂಡಿರಲಿ, ಗೊಜ್ಜಿನ ಆ ನಾಟಕ ಅರ್ಧ ಅದಕ್ಕೇ ಆಡಿದ್ದು ಅಂದರು ಅತ್ತೆ. ಅಪ್ಪನ ಮೇಲೆ ನನಗೆ ಕೋಪವಿಲ್ಲ, ಮುದುಕರು, ಅಳಿಯನ ಮನೆಯಲ್ಲಿ ಇರುವವರು. ಆದರೆ ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಫೋನಿನ ಅಂಕಿ ಕಾಣುವುದಿಲ್ಲ. ಯಾರಾದರೂ ಒತ್ತಿ ಕಿವಿಗೆ ಹಿಡಿಯಬೇಕು. ಫೋನು ಬಂದದ್ದು ಹಗಲು ಹೊತ್ತಿನಲ್ಲಂತೆ, ಭಾವ ಗಣಿಯ ಕೆಲಸದಲ್ಲಿರುವ ಹೊತ್ತು. ಆ ಹೊತ್ತಿನಲ್ಲಿ ಅಪ್ಪನ ಪಕ್ಕದಲ್ಲಿ ಇರುವವಳು ನೀನೊಬ್ಬಳೇ, ಅಕ್ಕ.