ಅಪ್ಪನ ಫೋನಿಗೂ ಹೋಗುವ ಹಿಸ್ಟರಿ

ಆಗಸ್ಟ್ 21, ಗುರುವಾರ

ಬ್ರೌಸರ್‌ನ ಹೊಸ ವರ್ಷನ್‌ನಲ್ಲಿ ಸ್ಪೀಡ್ ಜಾಸ್ತಿಯಂತೆ, ಎಲ್ಲ ಡಿವೈಸ್‌ಗಳಲ್ಲೂ ಒಂದೇ ಹಿಸ್ಟರಿಯಂತೆ. ಯೋಚಿಸದೆ ಓಕೆ ಒತ್ತಿದೆ. ಈ ಲ್ಯಾಪ್‌ಟಾಪ್‌ನಲ್ಲಿರುವುದು ಅಪ್ಪನ ಅಕೌಂಟ್ ಎಂದು ಆಮೇಲೆ ಹೊಳೆಯಿತು. ಫಸ್ಟ್ ಇಯರ್‌ನಲ್ಲೇ ಕಾಲೇಜು ಬಿಡುವುದು ಹೇಗೆ ಎಂದು ವಾರದಿಂದ ಹುಡುಕಿದ್ದೆಲ್ಲ ಅವರ ಫೋನಿಗೆ ಹೋಗಿದೆ.

ರೂಮ್‌ಮೇಟ್ ನಕ್ಕಳು. "ಅಯ್ಯೋ ಪೆದ್ದಿ, ಡಿಲೀಟ್ ಮಾಡೇ! ನಿಮ್ಮಪ್ಪ ಅದನ್ನೇ ನೋಡ್ತಾ ಕೂತಿರ್ತಾರಾ?"

ಅಷ್ಟರಲ್ಲಿ ಅಪ್ಪನ ಕಾಲ್.

"ಊಟ ಆಯ್ತಾ ಪುಟ್ಟಿ? ಕ್ಲಾಸೆಲ್ಲ ಹೇಗಿದೆ?"

"ಸೂಪರ್ ಅಪ್ಪ."

"ಸರಿ, ಮಲ್ಕೋ" ಎಂದು ಫೋನಿಟ್ಟರು.

ಬದುಕಿದೆಯಾ ಬಡಜೀವವೇ ಎಂದುಕೊಂಡು, ಅಳಿಸಲು ಹಿಸ್ಟರಿ ತೆರೆದೆ. ಎಲ್ಲಕ್ಕಿಂತ ಮೇಲೆ ನಾನು ಹುಡುಕದ ಒಂದು ಸಾಲಿತ್ತು: "ಹಾಸ್ಟೆಲ್‌ನಲ್ಲಿರುವ ಮಗಳು ಓದು ಬಿಡ್ತೀನಿ ಅಂದ್ರೆ ತಂದೆ ಏನು ಹೇಳಬೇಕು".

ಅಳಿಸಿದರೆ ನಾನು ನೋಡಿದ್ದು ಅವರಿಗೆ ಗೊತ್ತಾಗುತ್ತದೆ. ಹಾಗೇ ಬಿಟ್ಟರೆ ನಾಳೆಯೂ ಫೋನಿನಲ್ಲಿ ಸೂಪರ್ ಎನ್ನಬೇಕು, ಅವರೂ ಸರಿ ಎನ್ನಬೇಕು.