ಡಾಕ್ಟರಮ್ಮ ಕೊಟ್ಟ ಮುಲಾಮು

ಮಂಗಳವಾರ, ಜನವರಿ ೨೩, ೨೦೨೪. ಯರಗುಪ್ಪಿ.

ಕೆನ್ನೆ ಇನ್ನೂ ಉರಿಯುತ್ತಿದೆ. ಮುಟ್ಟು ನಿಂತಾಗಿನಿಂದ ಗಂಡನ ಜೊತೆ ಮಲಗಿದರೆ ಒಳಗೆ ಚಾಕು ಆಡಿಸಿದಂಥ ನೋವು. ಸಂಶಿಯ ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, "ಈ ವಯಸ್ಸಿನಾಗ ಒಣಗ್ತದರಿ, ನಾಚ್ಕೋಬ್ಯಾಡ್ರಿ" ಎಂದಿದ್ದರು. ಸೀರೆಯ ಟ್ರಂಕಿನಲ್ಲಿ ಅಡಗಿಸಿಟ್ಟಿದ್ದೆ. ಇಂದು ಸಂಜೆ ಅದು ಅವನ ಕೈಗೆ ಸಿಕ್ಕಿತು.

"ನಾ ಮುಟ್ಟಿದ್ರ ಒದರ್ತಿ. ಇದನ್ನ ಯಾರ ಸಲುವಾಗಿ ಹಚ್ಕೊಳ್ಳಾಕತ್ತಿ?"

"ನಿಮ್ಮ ಸಲುವಾಗೇರಿ" ಎಂದೆ. ಹೊಡೆದ. ಮುಲಾಮನ್ನು ಒಲೆಗೆ ಎಸೆದು ಮತ್ತೆ ಹೊಡೆದ. ಅವನ ತಲೆಯನ್ನೂ ಅದೇ ಒಲೆಗೆ ತುರುಕಬೇಕೆನಿಸಿತು. ಅತ್ತೆ ಮೈಲಾರವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಅವಳ ಮೇಲೂ ಸಿಟ್ಟು ಬಂತು. ಅವನು ಕುಡಿಯಲು ಹೋದ.

ನಾನು ಬಾಣಂತಿಯಾಗಿದ್ದಾಗ ದೆವ್ವ ಸುಳಿಯಬಾರದೆಂದು ಅತ್ತೆ ದಿಂಬಿನ ಕೆಳಗೆ ಕುಡಗೋಲು ಇಟ್ಟಿದ್ದಳು. ಈಗ ಅದೇ ಕುಡಗೋಲು ಹಿಡಿದು ಒಳಗೆ ಬಂದಳು, ದಿಂಬೆತ್ತಿ ಇಟ್ಟಳು.

"ನನಗೂ ಹಿಂಗ ಆಗಿತ್ತವಾ. ನಾ ಬಾಯಿ ಮುಚ್ಕೊಂಡು ಸತ್ತೆ. ನೀ ಸಾಯಬ್ಯಾಡ."

ಅವಳು ಹಡೆದ ಮಗನೇ ಅವನು.

ಅಂಗಳದಲ್ಲಿ ಅವನ ಮೋಟರ್ ಸೈಕಲ್ ನಿಂತಿತು. ಚಿಲಕ ಹಾಕಿದ್ದೇನೆ. ಕುಡಗೋಲಿನ ಹಿಡಿ ಬಲಗೈಗೆ ಸಿಗುವಂತೆ ತಿರುಗಿಸಿಟ್ಟಿದ್ದೇನೆ.