ನನ್ನ ಗಂಡನ ಮಾತನ್ನು ನನ್ನ ಬಾಯಲ್ಲಿ ಆಡಿಸಿದ ಅಧೀಕ್ಷಕರಿಗೆ

ಸರ್ಕಾರಿ ಆಸ್ಪತ್ರೆಯ ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಮೂರನೇ ಮಹಡಿಯ ಆಪ್ತಸಮಾಲೋಚನೆಯ ಕೊಠಡಿಯಲ್ಲಿ ನನ್ನ ಗಂಡ ತನ್ನ ಕಾಮದ ಚಟದ ಬಗ್ಗೆ ತೋಡಿಕೊಂಡದ್ದನ್ನೆಲ್ಲ ನೀವು ನನ್ನ ಬಾಯಿಂದಲೇ ಹೇಳಿಸಿದ್ದೀರಿ. ನನ್ನ ದೂರು ಇದೇ. ನನ್ನ ಗಂಡನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವನು ಮಾತಾಡುವುದು ಸನ್ನೆ ಭಾಷೆಯಲ್ಲಿ. ನಿಮ್ಮ ಸಮಾಲೋಚಕರಿಗೆ ಅದು ಬರುವುದಿಲ್ಲ, ನಿಮ್ಮ ಇಡೀ ಆಸ್ಪತ್ರೆಯಲ್ಲಿ ಬರುವವರು ಒಬ್ಬರೂ ಇಲ್ಲ. "ಮನೆಯವ್ರು ಯಾರಾದ್ರೂ ಜೊತೆಗೆ ಬರ್ತಾರಲ್ವಾ, ಅಷ್ಟು ಸಾಕು ಬಿಡಿ," ಎಂದರು ನಿಮ್ಮ ಕೌಂಟರಿನವರು. ಮನೆಯವರು ಎಂದರೆ ನಾನು. ಹೆಂಡತಿಗೆ ಮಾಡಿದ ಮೋಸವನ್ನು ಡಾಕ್ಟರಿಗೆ ಹೇಳಬೇಕು, ಹೇಳುವುದಕ್ಕೆ ಹೆಂಡತಿಯನ್ನೇ ಕರೆತರಬೇಕು. ಇಂಥ ಏರ್ಪಾಡು ಯಾವ ತಲೆಗೆ ಹೊಳೆಯಿತೋ, ಆ ತಲೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದಿದೆ.

ನನ್ನ ಗಂಡ ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಒಳ್ಳೆಯ ಕೆಲಸಗಾರ, ಇದನ್ನು ಅವನ ಮಾಲೀಕರೂ ಒಪ್ಪುತ್ತಾರೆ. ಮೊದಮೊದಲು ಮೊಬೈಲಿನಲ್ಲಿ ನೋಡುತ್ತಿದ್ದ. ನೋಡದ ಗಂಡಸು ಯಾರಿದ್ದಾರೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಹೊಟ್ಟೆಗೆ ಹಾಕಿಕೊಂಡೆ. ಆಮೇಲೆ ಅರ್ಧ ಪಾಲಿಶ್ ಮಾಡಿದ ಮೇಜನ್ನು ಹಾಗೇ ಬಿಟ್ಟು ಶೌಚಾಲಯಕ್ಕೆ ಹೋಗಿ ಕೂರುವುದು ಶುರುವಾಯಿತು. ಅರ್ಧಕ್ಕೆ ಒಣಗಿದರೆ ಕಲೆ ನಿಲ್ಲುತ್ತದೆ, ಬೈಗುಳ ಗ್ಯಾರಂಟಿ, ಗೊತ್ತಿದ್ದೂ ಹೋಗುತ್ತಿದ್ದ. ಆಮೇಲೆ ಗುರುತು ಪರಿಚಯವಿಲ್ಲದ ಹೆಂಗಸರು. ಮನೆಯಲ್ಲಿ ನಾನು ಇದ್ದೂ ಇಲ್ಲದಂತಾದೆ. ನನ್ನನ್ನು ಮುಟ್ಟುವಾಗಲೂ ಅವನ ಕಣ್ಣು ನನ್ನ ಮೇಲೆ ಇರುತ್ತಿರಲಿಲ್ಲ. ಬೈದೆ, ಅತ್ತೆ, ಮಾತು ಬಿಟ್ಟೆ. ನಮ್ಮಲ್ಲಿ ಮಾತು ಬಿಡುವುದು ಬಹಳ ಸುಲಭ, ಮುಖ ತಿರುಗಿಸಿದರೆ ಆಯಿತು. ಒಂದು ಭಾನುವಾರ ಬೆಳಗ್ಗೆ ಅವನೇ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. "ನಿಲ್ಸಕ್ಕೆ ಆಗ್ತಿಲ್ಲ ನಂಗೆ. ಖುಷಿಗೋಸ್ಕರ ಮಾಡ್ತಿದೀನಿ ಅನ್ಕೋಬೇಡ, ಅದರಲ್ಲಿ ಖುಷಿ ಹೋಗಿ ಎಷ್ಟೋ ಕಾಲ ಆಯ್ತು. ಬೇಡ ಬೇಡ ಅನ್ಕೊಂಡೇ ಹೋಗ್ತೀನಿ. ಎಲ್ಲಾದ್ರೂ ತೋರ್ಸು ನನ್ನ," ಎಂದ. ಅಧೀಕ್ಷಕರೇ, ತಾನಾಗಿ ಹೀಗೆ ಬಂದು ಕೇಳುವ ಗಂಡಸರು ನಿಮ್ಮ ಮೂರನೇ ಮಹಡಿಗೆ ಎಷ್ಟು ಜನ ಬರುತ್ತಾರೆ? ನಾನು ಸಿಟ್ಟನ್ನು ಪಕ್ಕಕ್ಕಿಟ್ಟು ಅವನನ್ನು ಕರೆದುಕೊಂಡು ಬಂದೆ. ಬಂದದ್ದೇ ತಪ್ಪಾಯಿತು ಎಂದು ಬರೆಯಬೇಕಾಗಿ ಬಂದಿರುವುದಕ್ಕೆ ನಿಮಗೆ ನಾಚಿಕೆಯಾಗಬೇಕು.

ದುಭಾಷಿಯ ಕೆಲಸ ಹೇಗಿರುತ್ತದೆ ಎಂದು ನಿಮಗೆ ತಿಳಿದಂತಿಲ್ಲ, ಹೇಳುತ್ತೇನೆ. ನನಗೆ ಈ ಭಾಷೆ ಬಂದದ್ದು ಅಕ್ಕನಿಂದ, ಅವಳಿಗೂ ಕಿವಿ ಕೇಳಿಸದು. ಎದುರಿಗಿರುವವರು "ನಾನು" ಎಂದರೆ ದುಭಾಷಿಯೂ "ನಾನು" ಎಂದೇ ಹೇಳಬೇಕು. "ಅವರು ಹೀಗಂತಾರೆ" ಎಂದು ನಡುವೆ ತೂರಿಕೊಳ್ಳಬಾರದು, ಇದು ಈ ಕೆಲಸದ ನಿಯಮ. ಚಿಕ್ಕವಳಿದ್ದಾಗ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ "ನಂಗೆ ಹೊಟ್ಟೆನೋವು" ಎಂದೆ. ಅವರು ನನ್ನನ್ನೇ ಮಲಗಿಸಿ ಹೊಟ್ಟೆ ಅದುಮಿ ನೋಡಿದರು. ಅಕ್ಕ ತನ್ನ ನೋವು ಮರೆತು ಬಿದ್ದು ಬಿದ್ದು ನಕ್ಕಳು. ಮನೆಯಲ್ಲಿ ಇದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದೇವೆ. ಈಗ ಅಂಥದ್ದೇ ಕುರ್ಚಿಯಲ್ಲಿ ಕೂತು, ನನ್ನದೇ ಗಂಟಲಿನಿಂದ, "ನಾನು ನನ್ನ ಹೆಂಡತಿಗೆ ಸುಳ್ಳು ಹೇಳಿ ಹೋಗ್ತೀನಿ," ಎಂದೆ. "ಅವಳು ಪಕ್ಕದಲ್ಲಿ ಮಲಗಿದ್ರೂ ನಂಗೆ ಬೇರೆ ಮುಖಗಳೇ ಬರ್ತವೆ," ಎಂದೆ. "ಅವಳನ್ನ ನೋಡಿದ್ರೆ ಅಸಹ್ಯ ಆಗತ್ತೆ, ಅವಳ ಮೇಲಲ್ಲ, ನನ್ನ ಮೇಲೆ," ಎಂದೆ. ನಿಧಾನಕ್ಕೆ, ಸ್ಪಷ್ಟವಾಗಿ, ಸಮಾಲೋಚಕರಿಗೆ ಬರೆದುಕೊಳ್ಳಲು ಅನುಕೂಲವಾಗುವಂತೆ ಹೇಳಿದೆ.

ನಿಮ್ಮ ಸಮಾಲೋಚಕರು ಕೆಟ್ಟವರೇನಲ್ಲ. ಮೆದು ದನಿಯ ಹುಡುಗ, ನನ್ನ ಗಂಡನಿಗೆ ಆ ಮೆದು ದನಿಯಿಂದ ನಯಾಪೈಸೆ ಪ್ರಯೋಜನವಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ, ಅಷ್ಟೇ. ದನಿ ಕೇಳಿದ್ದು ನನ್ನಿಂದ, ಹಾಗಾಗಿ ಅವರು ನೋಡುತ್ತಿದ್ದುದೂ ನನ್ನನ್ನೇ. "ನಿಮಗೆ ಇದು ಯಾವಾಗ ಶುರುವಾಯ್ತು?" ಎಂದು ನನ್ನ ಕಣ್ಣು ನೋಡಿ ಕೇಳಿದರು. ಎದುರಿಗೆ ಅವನು ಅಳುತ್ತಿದ್ದ. ಅವನ ಅಳು ಸದ್ದಿಲ್ಲದ್ದು. ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಅವನಿಗೆ ಕುಡಿಸಲೋ ನಾನೇ ಕುಡಿಯಲೋ ತಿಳಿಯದೆ ಲೋಟವನ್ನು ಅಲ್ಲೇ ಬಿಟ್ಟೆ. ಅಷ್ಟು ಹೊತ್ತಿನಲ್ಲಿ "ಅಮ್ಮಾ, ಇದೆಲ್ಲ ಕೇಳಿ ನಿಮಗೇನನಿಸುತ್ತೆ?" ಎಂದು ಅವರು ಕೇಳಲಿಲ್ಲ. ಹೇಗೆ ಕೇಳಿಯಾರು? ಅಲ್ಲಿ ಹೆಂಡತಿಯ ಕುರ್ಚಿ ಖಾಲಿ ಇತ್ತು.

ಈಗ ಬಾಗಿಲಿನ ವಿಷಯ. ಮಾತು ಶುರುವಾಗುವ ಮೊದಲು ಅವರು ಎದ್ದು ಹೋಗಿ ಬಾಗಿಲು ಭದ್ರವಾಗಿ ಹಾಕಿದರು. "ಒಂದ್ ಮಾತೂ ಆಚೆ ಹೋಗಲ್ಲ, ಧೈರ್ಯವಾಗಿ ಹೇಳಿ," ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಎಂದರು. ಆ ಬಾಗಿಲಿನ ಮೇಲರ್ಧ ಗಾಜು, ಅಧೀಕ್ಷಕರೇ. ಕಿವಿ ಇದ್ದವರಿಗೆ ಬಾಗಿಲು ಮುಚ್ಚಿದರೆ ಗುಟ್ಟು ಉಳಿಯುತ್ತದೆ. ಕೈಯಲ್ಲಿ ಮಾತಾಡುವವರಿಗೆ ಗಾಜಿನ ಬಾಗಿಲು ಮುಚ್ಚಿದರೂ ಒಂದೇ, ತೆಗೆದರೂ ಒಂದೇ. ಜೊತೆಗೆ ಅದೇ ಮಹಡಿಯಲ್ಲಿ, ನಮ್ಮನ್ನು ಕರೆಸಿದ ಬುಧವಾರವೇ, ಕಿವಿ ಕೇಳದವರಿಗೆ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ತಪಾಸಣೆ. ಗಾಜಿನಾಚೆಯ ಬೆಂಚಿನಲ್ಲಿ ಸರದಿಗಾಗಿ ಕಾದು ಕೂತಿದ್ದವರೆಲ್ಲ ನಮ್ಮ ಭಾಷೆಯವರು. ಬಹುಶಃ ಎಲ್ಲವೂ ಒಂದೇ ಕಡೆ ಸಿಗಲಿ ಎಂಬ ನಿಮ್ಮ ದೂರದೃಷ್ಟಿ ಇರಬೇಕು.

ದುಭಾಷಿ ಕೂರುವುದು ಪ್ರಶ್ನೆ ಕೇಳುವವರ ಪಕ್ಕದಲ್ಲಿ. ಹಾಗಾಗಿ ನನ್ನ ಮುಖ ಗಾಜಿಗೆ, ಅವನ ಬೆನ್ನು ಗಾಜಿಗೆ. ಸಮಾಲೋಚಕರ ಪ್ರಶ್ನೆಗಳನ್ನು ನಾನು ಕೈಯಲ್ಲಿ ಕೇಳುತ್ತಾ ಹೋದೆ: ಯಾರ ಜೊತೆ, ಎಲ್ಲಿ, ಹೇಗೆ, ಹೆಂಡತಿಯ ಜೊತೆ ಸಂಬಂಧ ಹೇಗಿದೆ. ಕಣ್ಣೆಲ್ಲ ಅವನ ಕೈಗಳ ಮೇಲೆ. ಕಣ್ಣು ತಪ್ಪಿದರೆ ಮಾತು ತಪ್ಪುತ್ತದೆ. ಕೊನೆಗೆ ಅವನು, "ಇನ್ನೂ ಒಂದಿದೆ. ಇದು ಅವಳಿಗೆ ಗೊತ್ತಿಲ್ಲ," ಎಂದ. ನಾನು ಅದನ್ನು ಬಾಯಲ್ಲಿ ಹೇಳಿದೆ. "ಇನ್ನೂ ಒಂದಿದೆ. ಇದು ಅವಳಿಗೆ ಗೊತ್ತಿಲ್ಲ." ಹೇಳುತ್ತಲೇ ಮುಂದಿನದನ್ನು ನೋಡಲಾರದೆ ನನ್ನ ಕಣ್ಣು ತಾನಾಗಿ ಮೇಲೆದ್ದಿತು. ಗಾಜಿನಲ್ಲಿ ಮುಖಗಳು. ಅವನ ಜೊತೆ ಶಾಲೆಯಲ್ಲಿ ಓದಿದವನು, ಕಿವುಡರ ಸಂಘದ ಕಾರ್ಯದರ್ಶಿ, ಮಗುವನ್ನು ಎತ್ತಿಕೊಂಡ ಒಬ್ಬ ತಾಯಿ. ಕದ್ದು ನೋಡುವವರ ಮುಖ ಅಲ್ಲ ಅವು. ಎದುರಿಗೆ ಯಾರೋ ಗಟ್ಟಿಯಾಗಿ ಮಾತಾಡಿದರೆ ನಿಮ್ಮ ಕಿವಿಗೆ ಹೇಗೆ ಬೀಳುತ್ತದೋ ಹಾಗೆ ನನ್ನ ಕೈಯ ಪ್ರಶ್ನೆಗಳೆಲ್ಲ ಅವರ ಕಣ್ಣಿಗೆ ಬಿದ್ದಿದ್ದವು. ನನ್ನ ನೋಟ ಹಿಡಿದು ಅವನೂ ಹಿಂದೆ ತಿರುಗಿದ. ಎಲ್ಲರನ್ನೂ ಒಮ್ಮೆ ನೋಡಿದ. ಮತ್ತೆ ಈ ಕಡೆ ತಿರುಗಿ ಎರಡೂ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡ. ಸಮಾಲೋಚಕರು ನನ್ನನ್ನು ನೋಡಿ, "ಹೇಳಿ, ಹೇಳಿ, ಏನದು?" ಎಂದರು.

ಮರುದಿನ ಅಕ್ಕ ಬಂದಳು. ಅವಳಿಗೆ ಆಗಲೇ ಮೂರು ಕಡೆಯಿಂದ ಸುದ್ದಿ ಮುಟ್ಟಿತ್ತು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಎಲ್ರಿಗಿಂತ ಕೊನೇಲಿ ನಂಗೆ ಗೊತ್ತಾಗ್ಬೇಕಾ?" ಎಂದಳು. ಬೇರೆ ದುಭಾಷಿ ಸಿಗುತ್ತಾರಾ ಎಂದು ಕೇಳಿದೆ. ಅಕ್ಕ ನಕ್ಕಳು, ಆದರೆ ಹೊಟ್ಟೆನೋವಿನ ದಿನದ ನಗು ಅಲ್ಲ. "ಊರಲ್ಲಿ ಇರೋದು ಒಬ್ರೇ, ನಮ್ ಸ್ಕೂಲ್ ಟೀಚರು. ಇವನಿಗೆ ಮೂಗು ಒರೆಸಿ ಬೆಳೆಸಿದವ್ರು. ಅವ್ರ ಮುಂದೆ ಇದನ್ನ ಹೇಳ್ತಾನಾ? ನೀನಾಗಿದ್ರೆ ಹೇಳ್ತಿದ್ಯಾ?" ಎಂದಳು. ಅವತ್ತಿನಿಂದ ಅವನು ಸಂಘಕ್ಕೆ ಹೋಗಿಲ್ಲ, ನಿಮ್ಮ ಆಸ್ಪತ್ರೆಗೂ ಬಂದಿಲ್ಲ. ಚಟಕ್ಕೆ ಮಾತ್ರ ಮೊದಲಿನಂತೆ ಹೋಗುತ್ತಾನೆ, ಬೇಡ ಬೇಡ ಅನ್ನುತ್ತಲೇ.

ನಾನು ದೂರು ಕೊಟ್ಟೆ. ನಿಮ್ಮ ಕಚೇರಿಯ ಉತ್ತರ ಬಂತು: "ಸನ್ನೆ ಭಾಷೆ ಬಲ್ಲ ಕುಟುಂಬ ಸದಸ್ಯರು ಲಭ್ಯವಿರುವುದರಿಂದ ಪ್ರತ್ಯೇಕ ವ್ಯವಸ್ಥೆಯ ಅಗತ್ಯ ಕಂಡುಬಂದಿರುವುದಿಲ್ಲ." ಎಂಥ ನುಣುಪಾದ ವಾಕ್ಯ. ನನಗೆ ಹೊಸದೇನಲ್ಲ, ನಾನೂ ಅದೇ ಅಂಗಡಿಯವಳು. ನೀರು ಸರಬರಾಜು ಮಂಡಳಿಯ ಸಹಾಯವಾಣಿಯಲ್ಲಿ ಕೂತು ದಿನವಿಡೀ "ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎನ್ನುವವಳು. ಯಾವ ಕಚೇರಿ ಯಾವಾಗ ಕೈತೊಳೆದುಕೊಳ್ಳುತ್ತದೆ ಎಂದು ದನಿಯಲ್ಲೇ ಹೇಳಬಲ್ಲೆ. ನಿಮ್ಮ ಗುಮಾಸ್ತರು ಫೋನಿನಲ್ಲಿ ಇನ್ನೊಂದು ದಾರಿಯನ್ನೂ ತೋರಿಸಿದರು. "ಅವ್ರಿಗೆ ಕೈ ಸರಿ ಇದ್ಯಲ್ಲಮ್ಮ, ಬರೆದು ಕೊಡ್ಲಿ." ನನ್ನ ಗಂಡನಿಗೆ ಬರೆಯುವ ಕನ್ನಡ ಎಂದರೆ ಶಾಲೆಯಲ್ಲಿ ಏಟು ತಿಂದು ಕಲಿತ ಪರಭಾಷೆ. ನಿಮ್ಮ ಬದುಕಿನ ಅತ್ಯಂತ ನಾಚಿಕೆಯ ಸಂಗತಿಯನ್ನು, ನಿಮಗೆ ಅರೆಬರೆ ಬರುವ ಯಾವುದೋ ಭಾಷೆಯಲ್ಲಿ, ಮೇಜಿನ ಮೇಲೆ ಬಗ್ಗಿ, ಒಬ್ಬರು ಕಾಯುತ್ತಾ ಕೂತಿರುವಾಗ ಬರೆದು ಕೊಡಿ ಎಂದರೆ ನೀವು ಎಷ್ಟು ಸಾಲು ಬರೆದೀರಿ? ಗಾಜಿನ ಬಾಗಿಲು "ಸುರಕ್ಷತೆಯ ದೃಷ್ಟಿಯಿಂದ" ಅಂತೆ. ಯಾರ ಸುರಕ್ಷತೆ ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಈ ಮಧ್ಯೆ ನನ್ನ ಸ್ಥಿತಿ ಕೇಳಿ. ಕೆಲಸದಲ್ಲಿ ಯಾರೋ ನಲ್ಲಿಯಲ್ಲಿ ನೀರಿಲ್ಲ ಎನ್ನುತ್ತಿರುತ್ತಾರೆ. ನಾನು ಬಾಯಿ ತೆರೆದರೆ ಮೊದಲು ಒಳಗಿಂದ ಏಳುವುದು, "ನಾನು ನನ್ನ ಹೆಂಡತಿಗೆ ಸುಳ್ಳು ಹೇಳಿ ಹೋಗ್ತೀನಿ." ಅದೂ ನನ್ನದೇ ದನಿಯಲ್ಲಿ. ಅವನ ತಪ್ಪಿಗೆ ಅವನ ದನಿ ಇದ್ದಿದ್ದರೆ ಅವನನ್ನು ಬೈದು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನನ್ನ ದನಿಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗಲಿ? ಮೊನ್ನೆ ಒಬ್ಬ ಮುದುಕಿ, "ಯಾಕಮ್ಮ, ಲೈನ್ ಕಟ್ಟಾಯ್ತಾ?" ಎಂದು ಕೇಳಿದಳು. ಇಲ್ಲಜ್ಜಿ, ಇದ್ದೀನಿ ಎಂದೆ. ಮನೆಯಲ್ಲಿ ಇನ್ನೂ ಕಷ್ಟ. ಊಟದ ನಡುವೆ ಅವನ ಕೈ ಒಮ್ಮೊಮ್ಮೆ ಎದೆಯ ಮಟ್ಟಕ್ಕೆ ಏಳುತ್ತದೆ, ನನ್ನ ಮುಖ ನೋಡುತ್ತಾನೆ, ಇಳಿಸುತ್ತಾನೆ. ಆ "ಇನ್ನೂ ಒಂದು" ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ಕೂತಿರುತ್ತದೆ. ಯಾರಿರಬಹುದು, ಏನಿರಬಹುದು ಎಂದು ಬೀದಿಯಲ್ಲಿ ಕಂಡ ಹೆಂಗಸರ ಮುಖವನ್ನೆಲ್ಲ ಹುಡುಕುತ್ತೇನೆ. ಒಂದು ದಿನ ಅಕ್ಕನ ಮುಖವನ್ನೂ ಹುಡುಕಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇದನ್ನು ಪತ್ರಿಕೆಗೆ ಕೊಟ್ಟು ಊರ ಮುಂದೆ ಯಾಕೆ ಹರಡುತ್ತೀಯಾ ಎಂದು ನೀವು ಕೇಳಬಹುದು. ಹರಡಿದವರು ನೀವು. ಅಚ್ಚಿಗೆ ಕೊಡುವ ಮುನ್ನ ಈ ಪತ್ರವನ್ನು ಸಾಲು ಸಾಲಾಗಿ ಅವನಿಗೆ ಕೈಯಲ್ಲಿ ಹೇಳಿ ತೋರಿಸಿದ್ದೇನೆ. ಎರಡು ಕಡೆ ತೆಗೆಸಿದ. ಉಳಿದದ್ದಕ್ಕೆ, "ಕಳ್ಸು. ಚೆನ್ನಾಗಿ ಬೈದಿದೀಯ ಅವ್ರನ್ನ," ಎಂದ. ಬಹಳ ದಿನಗಳ ಮೇಲೆ ನಮ್ಮಿಬ್ಬರಿಗೂ ಸ್ವಲ್ಪ ನಗು ಬಂತು.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ನಾಳೆಯೇ ಆ ಗಾಜಿಗೆ ಒಂದು ಪರದೆ ಹಾಕಿಸಿ, ಅದಕ್ಕೆ ಯಾವ ಮಂಡಳಿಯ ಮಂಜೂರಾತಿಯೂ ಬೇಕಿಲ್ಲ. ಬೇರೆ ಊರಿನಿಂದ, ನಮ್ಮನ್ನು ಅರಿಯದ, ಗುಟ್ಟು ಕಾಯುವ ದುಭಾಷಿಯೊಬ್ಬರನ್ನು ಕರೆಸಿ. ಅವನು ಆ ಮಾತನ್ನು ಅವರ ಮುಂದೆ ಆಡಿ ಮುಗಿಸಲಿ, ವಾಸಿಯಾಗುವ ದಾರಿ ಹುಡುಕಲಿ. ಆಮೇಲೆ ಅದನ್ನು ನನಗೆ ಹೇಳುವ ಧೈರ್ಯ ಅವನಿಗೆ ಬಂದರೆ ನಾನು ಅವನೆದುರು ಕೂರುತ್ತೇನೆ. ಇರುತ್ತೇನೋ ಬಿಟ್ಟು ಹೋಗುತ್ತೇನೋ ಈಗಲೇ ಹೇಳಲಾರೆ. ಆದರೆ ಅವತ್ತು ಅವನ ಮಾತನ್ನು ಯಾರಿಗೂ ದಾಟಿಸುವ ಕೆಲಸ ನನಗಿರಬಾರದು. ನನ್ನ ಎರಡೂ ಕೈಗಳು ನನ್ನ ಉತ್ತರಕ್ಕೆ ಬಿಡುವಾಗಿರಬೇಕು.

ಇಂತಿ,
ನಿಮ್ಮ ಕೊಠಡಿಯಲ್ಲಿ ಅಷ್ಟೆಲ್ಲ ಮಾತಾಡಿಯೂ
ತನ್ನದೊಂದು ಮಾತನ್ನೂ ಆಡದೆ ಎದ್ದು ಬಂದ ಹೆಂಡತಿ